ಗ್ವಾಡಿಗೆ ಬೀಸಿದ ಗಾಳಿ

ಎಂಟು ದಿನ ಅಂಗಡಿ ಬಂದ್ ಇಟ್ಟು
ತಂಗಿ ಮಗಳ ಲಗ್ನಕ್ಕ ಸೇಡಂಗೆ ಹೋಗಿದ್ದೆ.
ಬಿಲ್ಲು ಮಾತ್ರ ಎಲ್ಲಿಗೂ ಹೋಗಿರಲಿಲ್ಲ,
ಶೆಟರಿನ ಸಂದಿನಾಗ ಕುಂತು ನನ್ನ ಹಾದಿ ಕಾಯ್ತಿತ್ತು.
ಹೋದ ತಿಂಗಳಿಗಿಂತ ಬರೇ ನಲವತ್ತು ರೂಪಾಯಿ ಕಡಿಮಿ.

ಕಲಬುರಗಿ ಸೂಪರ್ ಮಾರ್ಕೆಟಿನಾಗ, ಎರಡನೇ ಮಜಲಿ,
ಹದಿನಾಲ್ಕನೇ ನಂಬರ್ ಮಳಗಿ: ಜಗದೇವಿ ಲೇಡೀಸ್ ಟೇಲರ್ಸ್.
ಮೂರು ಹೊಲಿಗಿ ಮಿಷನ್, ಎರಡು ಇಸ್ತ್ರಿ ಪೆಟ್ಟಿಗಿ,
ಗಿರಾಕಿಗೋಸ್ಕರ ಒಂದು ಏಸಿ,
ಗಿರಾಕಿ ಎದ್ದುಹೋದ ಮ್ಯಾಲ ಉಳಿದ ತಂಪು ನಮಗ.
ಪಡುವಣ ಗ್ವಾಡಿ ಪೂರಾ ಗಾಜು.
ಹೈದರಾಬಾದಿನಂಗ ಮಾಡೀನಿ ಅಂತ ಮಾಲಕ ರೇವಣಸಿದ್ದಪ್ಪನ ಹೆಮ್ಮೆ.
ಮೇ ತಿಂಗಳಾಗ ಮೂರು ಗಂಟಿಗೆ ಆ ಗಾಜಿನಿಂದ ಸೂರ್ಯ
ಅಳತಿ ಕೊಡಲಿಕ್ಕೆ ಬಂದವರಂಗ
ಸೀದಾ ಒಳಗ ಬಂದು ನಿಲ್ತಾನ,
ಎರಡೂ ತೋಳು ಅಗಲಿಸಿ.

ಅವತ್ತು ರಾತ್ರಿ ಎಲ್ಲಾ ಬಟನ್ ಆರಿಸಿ
ಮೆಟ್ಟಿಲ ಕೆಳಗ ಮೀಟರಿನ ಮುಂದ ಕುಂತೆ.
ಕತ್ತಲಾಗ ಅದರ ಕೆಂಪು ಕಣ್ಣು.
ಎಣಿಸಿದೆ. ಇಪ್ಪತ್ತೆರಡಕ್ಕ ಒಂದು ಸಲ ಮಿಟುಕಿಸ್ತು.
ಮತ್ತ ಎಣಿಸಿದೆ. ಮತ್ತ ಇಪ್ಪತ್ತೆರಡಕ್ಕ.
ಎಲ್ಲಾ ಆರಿಸಿದ ಮ್ಯಾಲ ಓಡೋದು ಏನು, ಯಾರಿಗಿ?

ಮರುದಿನ ಜಿಲಾನಿ ಬಂದ, ನಿಚ್ಚಣಿಕಿ ತಂದ.
ಕಿವಿಗೊಟ್ಟು ಕೇಳಿ, “ಅಕ್ಕಾ, ಈ ಗುಂಯ್ ಅನ್ನೋದು ಎಲ್ಲಿಂದು?” ಅಂದ.
ಬಾಜು ಲಾಡ್ಜಿಂದು ಅಂದೆ. ಆರು ವರ್ಷದಿಂದ ಹಂಗೇ ತಿಳಕೊಂಡಿದ್ದೆ.
ಅವ ಮ್ಯಾಲಿನ ಪಿಒಪಿ ಒಂದು ಮೊಳ ಕೊರೆದ,
ತಲಿ ತೂರಿಸಿದ, ನಕ್ಕ, ಕೆಮ್ಮಿದ.

ನನಗಿಂತ ಮುಂಚೆ ಇಲ್ಲಿ ಫೋಟೋ ಸ್ಟುಡಿಯೋ ಇತ್ತಂತ.
ಅವರ ಕತ್ತಲ ಖೋಲಿಯ ಎಕ್ಸಾಸ್ಟ್ ಫ್ಯಾನು
ಇನ್ನೂ ತಿರಗ್ಲಕತ್ತಿತ್ತು.
ಖೋಲಿ ಒಡೆದಿದ್ರು, ಸ್ಟುಡಿಯೋ ಹೋಗಿತ್ತು,
ಲಾಡ್ಜಿನವರು ಹೊರಗಿಂದ ಇಟ್ಟಂಗಿ ಕಟ್ಟಿ ಕಂಡಿ ಮುಚ್ಚಿದ್ರು,
ವೈರು ಮಾತ್ರ ಯಾರೂ ಕತ್ತರಿಸಿರಲಿಲ್ಲ.
ಹಗಲೂ ರಾತ್ರಿ, ಹಬ್ಬ ಹುಣ್ಣಿಮಿ ಅನ್ನದ,
ಗ್ವಾಡಿಗೆ ಗಾಳಿ ಬೀಸಿಕೋತ ಕುಂತಿತ್ತು.

ದಿನಕ್ಕ ಒಂದು ಯೂನಿಟ್ ಚಿಲ್ರಿ, ಅಂದ ಜಿಲಾನಿ.
ನಾನು ನನ್ನ ಲೆಕ್ಕದಾಗ ಹಾಕಿದೆ:
ತಿಂಗಳಿಗೊಂದು ಅಸ್ತರಿನ ಕುಪ್ಪಸ.
ಆರು ವರ್ಷ, ಎಪ್ಪತ್ತೆರಡು ಕುಪ್ಪಸ,
ಆ ಗ್ವಾಡಿಗೆ ಪುಕ್ಕಟ ಹೊಲದು ಕೊಟ್ಟಿದ್ದೆ.

ಮಾಲಕನ ಬಲ್ಲಿ ಹೋಗಿ ಬಾಡಿಗಿಯಾಗ ಮುರಕೊಳ್ರಿ ಅಂದೆ.
“ನಿಮ್ಮ ಮೀಟರಿನ ಮ್ಯಾಲ ತಿರುಗ್ಯಾದ, ನಿಮ್ಮದೇ ಫ್ಯಾನು.
ಬೇಕಾದ್ರ ಒಯ್ಯರಿ” ಅಂದ.
ಸರಿ ಅಂದೆ. ಬಾಯಿಲೇ ಅಂದಾನಲ್ಲ.

ಬಿಚ್ಚಿಸಿದೆ. ಧೂಳು ತೊಳೆಸಿದೆ.
ಪಡಸಾಲಿ ಕಡಿ ಬಾಗಿಲ ಮ್ಯಾಲಿನ ಕಂಡಿಯಾಗ ಕುಂದ್ರಿಸಿದೆ.
ಈಗ ಸಂಜಿ ಒಂದು ತಾಸು, ಒಂದೇ ತಾಸು,
ಗಾಜು ಕುಡಿದ ಬಿಸಲೆಲ್ಲಾ ಹೊರಗ ಹಾಕ್ತದ.
ಅಷ್ಟು ವರ್ಷದ ಮ್ಯಾಲ ಅದಕ್ಕೊಂದು ಹೊರಗು ಸಿಕ್ಕಾದ.

ಗಾಜಿಗೆ ಹೊರಗಿಂದ ಪರದೆ ಬ್ಯಾಡ ಅಂದ ರೇವಣಸಿದ್ದಪ್ಪ,
ಕಾಂಪ್ಲೆಕ್ಸಿನ ಕಳೆ ಹೋಗ್ತದಂತ.
ಒಳಗೇ ಹಾಕೀನಿ, ಬಿಳಿ ಅಸ್ತರಿನ ತುಂಡು ಜೋಡಿಸಿ.
ಸೂರ್ಯ ಈಗ ಅಂಗಿ ತೊಟ್ಟೇ ಒಳಗ ಬರ್ತಾನ.
ಏಸಿ ಹಚ್ಚೋದು ಮಧ್ಯಾಹ್ನ ಒಂದರ ಮ್ಯಾಲ.

ಇಸ್ತ್ರಿ ಎಲ್ಲಾ ಮುಂಜಾನಿಗೇ, ಒಂದೇ ಕಾವಿಗೆ.
ಇದು ತಸ್ಲೀಮ್ ಹೇಳಿಕೊಟ್ಟದ್ದು:
ಆರಿಸಿದ ಪೆಟ್ಟಿಗಿಯಾಗೂ ಇನ್ನೂ ನಾಕು ತೋಳು ಇರ್ತಾವ.

ಮೊದಲ ವಾರ ಆ ಗುಂಯ್ ಇಲ್ಲದ ತಲಿ ನೋಯ್ತು, ಖರೆ.
ಕತ್ತರಿ ಬಟ್ಟಿ ಕಚ್ಚೋ ಸಪ್ಪಳ
ಇಷ್ಟು ಜೋರು ಇರ್ತದಂತ ಗೊತ್ತಿರಲಿಲ್ಲ ನನಗ.

ಈಗ ದಿನಾ ಬೀಗ ಹಾಕಿ ಮೆಟ್ಟಿಲ ಕೆಳಗ ನಿಲ್ತೀನಿ.
ಇಪ್ಪತ್ತೆರಡು, ಮೂವತ್ತು, ಅರವತ್ತು.
ನೂರು ಮುಟ್ಟಿದ್ರ ಆಟೋ ಹತ್ತತೀನಿ.
ಒಂದೊಂದು ದಿನ ಎಪ್ಪತ್ತೈದಕ್ಕ ಮಿಟುಕಿಸ್ತದ.
ಬೈಕೋತ ಎರಡು ಮಜಲಿ ಮತ್ತ ಏರಿ ಶೆಟರ್ ಎತ್ತಿದ್ರ,
ತಸ್ಲೀಮಳ ಮಿಷನಿನ ಸಣ್ಣ ದೀಪ,
ಸೂಜಿಯ ಕೆಳಗ,
ಅರ್ಧಕ್ಕ ನಿಂತ ಹೊಲಿಗಿ ಮ್ಯಾಲ.