ಮೇಜು

ಕೋಣೆಯಲ್ಲಿ ಮೇಜಿಲ್ಲ.
ಆರು ಮಂಚ, ಒಂದರ ಮೇಲೊಂದು, ಮೂರು ಜೋಡಿ,
ನಡುವೆ ಒಬ್ಬ ಲುಂಗಿ ಉಟ್ಟುಕೊಳ್ಳುವಷ್ಟು ಜಾಗ.
ಅದಕ್ಕೇ ಇರಬೇಕು
ಪರದೆಯೊಳಗೊಂದು ಮೇಜು ಮಾಡಲು ಕೂತದ್ದು.

ಯಂತ್ರ ಸಿಕ್ಕಿದ್ದು ಮುಹರ್ರಕ್‌ನ ಹಳೇ ಮನೆಯೊಂದರಲ್ಲಿ,
ಕಿಟಕಿ ಏಸಿ ಕಳಚಲು ಹೋದಾಗ.
"ಶೀಲ್, ಶೀಲ್" ಅಂದ ಮುದುಕ, ಒಯ್ಯಿ ಅಂತ,
ಕಣ್ಣು ಬೇರೆ ಕಡೆ ಇಟ್ಟು.
ಕೀಬೋರ್ಡೂ ಕಂಪ್ಯೂಟರೂ ಒಂದೇ ಒಡಲು,
ಬೀಡಿ ಸೇದಿದ ಹಲ್ಲಿನ ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ಕು,
ಕೀಲಿಗಳ ಮೇಲೆ ಅಂಟಿಸಿದ ಅರಬಿ ಅಕ್ಷರ, ಅರ್ಧ ಉದುರಿವೆ.
ನನಗಿಂತ ಎರಡು ವರ್ಷ ಚಿಕ್ಕದು.
ನೆನಪಿನ ಶಕ್ತಿ ಅರ್ಧ ಮೆಗಾಬೈಟು;
ನನ್ನ ಫೋನಿನ ಒಂದು ಫೋಟೋ ಕೂಡ ಹಿಡಿಸುವುದಿಲ್ಲ.

ಅದರದೇ ಒಂದು ಮೇಜು ಇತ್ತು ಮೊದಲು. ಹಸಿರು.
ಕಾಯಬೇಕಾದಾಗ ಒಂದು ಜೇನುಹುಳ ತೋರಿಸುತ್ತಿತ್ತು.
ನಾಲ್ಕು ಕಿಟಕಿ ತೆರೆದರೆ ಐದನೆಯದಕ್ಕೆ ಇಲ್ಲ ಅನ್ನುತ್ತಿತ್ತು,
ನಮ್ಮ ಮುದೀರ್ ರಜೆಗೆ ಅನ್ನುವ ಹಾಗೆ, ಮುಖ ಎತ್ತದೆ.
ಹೊಸದು ಬರೀತೀನಿ ಅಂದೆ.
"ಯಾರಿಗೆ?" ಕೇಳಿದ ಬಾಬುಲ್, ಮೇಲಿನ ಮಂಚದಿಂದ.
ಉತ್ತರ ಹುಡುಕುತ್ತಿದ್ದೆ. ಅನ್ನ ಉಕ್ಕಿತು, ಎದ್ದು ಹೋದೆ.

ಐಟಿಐಯಲ್ಲಿ ಕಲಿತದ್ದು ಗ್ಯಾಸು, ಕಂಪ್ರೆಸರು.
ಇದನ್ನು ಕಲಿಸಿದ್ದು ಡಬ್ಬಿಯಲ್ಲೇ ಇದ್ದ ಪುಸ್ತಕ,
ನೀರು ಕುಡಿದು ಅಂಟಿದ ಪುಟಗಳನ್ನು ಊಹಿಸಿ ಊಹಿಸಿ.
ಶುಕ್ರವಾರಗಳು. ಹೊರಗೆ ನಲವತ್ತೈದು ಡಿಗ್ರಿ,
ಒಳಗೆ ಮಲಗಿಸಿದ ಸೂಟುಕೇಸಿನ ಮೇಲೆ ಯಂತ್ರ.
ಹದಿನಾರು ಚುಕ್ಕಿ ಅಡ್ಡ, ಹದಿನಾರು ಚುಕ್ಕಿ ಉದ್ದ,
ಅಷ್ಟರಲ್ಲಿ ಒಂದು ಚಿತ್ರ. ಚುಕ್ಕಿ ಗೊತ್ತು ನನಗೆ,
ಅಕ್ಕನ ರಂಗೋಲಿಗೆ ಎಣಿಸಿ ಕೊಡುತ್ತಿದ್ದವನು.
ಕಡತಕ್ಕೆ ಹಗ್ಗ ಬಿಗಿದ ಕಾರ್ಗೋ ಪೆಟ್ಟಿಗೆ.
ಜೇನುಹುಳದ ಬದಲು ಸುಲೈಮಾನಿ ಲೋಟ.
ಕಸದಬುಟ್ಟಿ ಮಾತ್ರ ಕೈಗೆ ಬರಲಿಲ್ಲ.
ಇಲ್ಲಿ ಯಾರೂ ಏನನ್ನೂ ಎಸೆಯುವುದಿಲ್ಲ,
ಖಾಲಿ ಟ್ಯಾಂಗ್ ಡಬ್ಬಿಗೂ ಊರಲ್ಲೊಂದು ಕೆಲಸ ಕಾದಿರುತ್ತದೆ.

ಕಷ್ಟ ಬಂದದ್ದು ಕಿಟಕಿಗಳಲ್ಲಿ.
ತೆರೆಯುವುದು ಸುಲಭ. ಸರಿಸಿದರೆ
ಅದು ಮುಚ್ಚಿದ್ದ ಜಾಗ ಹಾಗೇ ಉಳಿಯುತ್ತದೆ, ಬೆಳ್ಳಗೆ,
ಬ್ಯಾಂಡೇಜು ಬಿಚ್ಚಿದ ಚರ್ಮದ ಹಾಗೆ.
ಅಡಿಯಲ್ಲಿ ಏನಿತ್ತೆಂದು ಯಂತ್ರ ನೆನಪಿಡುವುದಿಲ್ಲ,
ನೆನಪಿಡಲು ಅದಕ್ಕೆ ಜಾಗವಿಲ್ಲ.
ಹೋಗಿ ಅಡಿಯವರನ್ನೇ ಕೇಳಬೇಕು:
ಅಣ್ಣಾ, ನಿನ್ನ ಈ ಮೂಲೆ ಕಾಣುತ್ತಿದೆ ಈಗ,
ಅಷ್ಟು ಮಾತ್ರ ಮತ್ತೊಮ್ಮೆ ಬರೆದುಕೊ.
ಈ ಒಂದು ಮಾತು ಕೇಳಲು ಕಲಿಸುವುದಕ್ಕೆ
ಒಂದು ರಂಜಾನ್, ಒಂದು ದೀಪಾವಳಿ ಹಿಡಿಯಿತು.

ಆ ನಡುವೆ ಮೋನಪ್ಪನ ವೀಸಾ ಮುಗಿಯಿತು.
ಹನ್ನೊಂದು ವರ್ಷದ ಕೆಳಮಂಚ, ಗೋಡೆ ಪಕ್ಕದ್ದು.
ಹೋದ ಸಲಾಲಕ್ಕೆ, ಬೇರೆ ಕಂಪೆನಿ, ಹದಿನೈದು ರಿಯಾಲು ಜಾಸ್ತಿ.
ಹಾಸಿಗೆ ಎಳೆದೆವು.
ಗೋಡೆಯಲ್ಲಿ ತಲೆಯೆಣ್ಣೆಯ ಒಂದು ಗುಂಡು ಕಲೆ,
ಪಕ್ಕದಲ್ಲಿ ಪೆನ್ಸಿಲಿನ ಯಾವುದೋ ಫೋನ್ ನಂಬರು,
ಆರೇ ಅಂಕಿ. ಮೋನಪ್ಪನದಲ್ಲ,
ಮೋನಪ್ಪನಿಗೂ ಮುಂಚಿನವನದು.
ಅದರ ಅಡಿಗೆ ನೀಲಿ ಬಣ್ಣ, ಅದರ ಅಡಿಗೆ ಹಸಿರು.
ಥಾಪಾ ಉಗುರಿಟ್ಟು ಕೆರೆದ. ಇನ್ನೂ ಇತ್ತು.
ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು.
ಆಮೇಲೆ ಬಾಬುಲ್ ತನ್ನ ದಿಂಬು ತಂದು ಅಲ್ಲಿಟ್ಟ.

ಆ ರಾತ್ರಿಯೇ ತಪ್ಪು ಸಿಕ್ಕಿತು, ಒಂದೇ ಸಾಲು:
ಬಲದಿಂದ ಎಡವನ್ನು ಕಳೆಯುವ ಬದಲು ಕೂಡಿಸಿದ್ದೆ.
ತಿದ್ದಿದೆ. ಕಿಟಕಿ ಹಿಡಿದು ಎಳೆದೆ.
ಅಡಿಯದು ತುಂಬಿಕೊಂಡಿತು, ನಿಧಾನ, ಮೇಲಿನಿಂದ ಕೆಳಕ್ಕೆ,
ಅಂಗಡಿ ಶಟರು ಇಳಿಸಿದ ಹಾಗೆ.
"ನೋಡು" ಅಂದೆ. ಬಾಬುಲ್ ಬಗ್ಗಿ ನೋಡಿದ.
"ಮೊದಲೂ ಇದ್ದದ್ದೇ ಅಲ್ಲವಾ ಅದು?"
ಹೌದು ಮಾರಾಯ. ಅದೇ.

ಶನಿವಾರ ಹೊಸಬ ಬಂದ, ಸಿಂಧನೂರು ಕಡೆಯ ಹುಡುಗ,
ಚೀಲ ಎಲ್ಲಿಡ್ಲಿ ಅಂದ.
ಸೂಟುಕೇಸಿನ ಮೇಲಿಂದ ಯಂತ್ರ ಎತ್ತಿ
ತೊಡೆಯ ಮೇಲಿಟ್ಟುಕೊಂಡೆ. ಬಿಸಿಯಿತ್ತು.
ಪರದೆಯಲ್ಲಿ ಸುಲೈಮಾನಿ ಲೋಟ
ಇನ್ನೂ ಕಾಯುತ್ತಿತ್ತು.