ಬೆಳಗಿನ ವರದಿ

ಎಂಟೂವರೆಯಾದರೂ ಬೆಳಕಿಗೆ ಇನ್ನೂ ಅರೆಮನಸ್ಸು, ಇನ್ನಿಸ್.
ಥರ್ಸೋ ಹೊಳೆ ಕಡಲಿಗೆ ಬೀಳುವಲ್ಲಿ
ಪಾಳು ಕೋಟೆಯ ಗೋಡೆಗೆ ಒರಗಿ ನಿಂತಿದ್ದೇನೆ,
ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಕಂಕುಳಲ್ಲಿ.
ಕೇಳು.

ಉಬ್ಬರ ಅರ್ಧ ಏರಿದೆ.
ಡೋನಲ್ಡೀನಾ ತನ್ನ ದನಗಳ ಬೇಲಿಗೆ ನೆಟ್ಟ ಹಾಸುಗಲ್ಲೇ
ನೀರಿನಡಿಯಲ್ಲೂ ಮಲಗಿದೆ, ಗೊತ್ತಲ್ಲ,
ಒಂದರ ಮೇಲೊಂದು, ಅಂಚು ಮಸೆದುಕೊಂಡು.
ಇಳಿತದಲ್ಲಾದರೆ ಅದರ ಬೆನ್ನು ಕಾಣುತ್ತದೆ.
ಈಗ ಬರೀ ಪಾಚಿಯ ತಲೆಗೂದಲು.
ಹೊಳೆ ಜೌಗು ತೊಳೆದು ತಂದ ನೀರು
ಕಷಾಯದ ಬಣ್ಣ.

ಗಾಳಿ ಯಾವ ಕಡೆಯದು, ಕೇಳಿದೆ ನೀನು.

ಬಡಗಿನಿಂದ, ಎಂದೆ.
ಮುಖಕ್ಕೇ ಹೊಡೆಯುತ್ತಿದೆ, ಅಲೆಗಳ ತಲೆ ಕೆದರಿ
ಕಲಸುಮೇಲೋಗರ, ಒಂದೂ ನೆಟ್ಟಗೆ ನಿಲ್ಲುತ್ತಿಲ್ಲ,
ಯಾರೂ ಇಳಿದಿಲ್ಲ,
ನೀನೇನೂ ಕಳಕೊಂಡಿಲ್ಲ, ಎಂದೆ.

ಗಾಳಿ ತೆಂಕಣದ್ದು.
ಬೆನ್ನ ಹಿಂದಿನ ಹೊಲದಿಂದ ಸಗಣಿಯ ವಾಸನೆ ಹೊತ್ತು
ಮೆಲ್ಲಗೆ ನನ್ನ ದಾಟಿ ಹೋಗಿ
ಪ್ರತಿ ಅಲೆಯ ಎದೆಗೂ ಅಂಗೈ ಒತ್ತಿ
ಇರು, ಇನ್ನೊಂದು ಗಳಿಗೆ ಇರು, ಎನ್ನುತ್ತಿತ್ತು.
ಅವು ಇರುತ್ತಿದ್ದವು.
ನೆತ್ತಿಯ ತುಂತುರು ಹಿಂದಕ್ಕೆ, ಆರ್ಕ್ನಿಯ ಕಡೆಗೆ, ಹಾರುತ್ತಿತ್ತು.
ಐಸ್‌ಲ್ಯಾಂಡಿನಾಚೆ ಯಾವುದೋ ಬಿರುಗಾಳಿ
ತಾನು ಸತ್ತ ಮೂರನೆಯ ದಿನ ಇಲ್ಲಿಗೆ ತಲುಪುವಂತೆ
ಕಳಿಸಿಕೊಟ್ಟ ಅಲೆಗಳು.
ಆರು ಮಂದಿ ನೀರಲ್ಲಿ. ಎಲ್ಲ ಕರಿತಲೆ.
ಅದರಲ್ಲಿ ಎರಡು ಸೀಲು ಇರಬಹುದು.
ನನ್ನ ಹಲಗೆ ಇನ್ನೂ ಕಾರಿನ ನೆತ್ತಿಗೇ ಬಿಗಿದಿತ್ತು.

ನವೆಂಬರಿನಲ್ಲೂ ಇಂಥದೇ ಬೆಳಗು, ಇದೇ ಕಲ್ಲು.
ನೀನು ಬಿದ್ದದ್ದು ನಾನು ನೋಡಲಿಲ್ಲ.
ನನ್ನ ಅಲೆಯ ಮೇಲೆ ನಾನಿದ್ದೆ,
ದಡದವರೆಗೂ ಬಾಯಿಬಿಟ್ಟು ನಗುತ್ತ ಬಂದೆ,
ತಿರುಗಿ ನಿನ್ನ ಹುಡುಕಿದ್ದೂ
ನೋಡಿದೆಯೇನೋ ಎಂದು ಕೇಳಲಿಕ್ಕೆ.

ಫೋನಿನಲ್ಲಿ ನೀನು ಸುಮ್ಮನಿದ್ದೆ.
ಇನ್ವರ್ನೆಸ್ಸಿನ ಆ ಕೋಣೆ, ಕಾರ್ ಪಾರ್ಕನ್ನಷ್ಟೇ ಬಲ್ಲ ಆ ಕಿಟಕಿ,
ಯಾರದೋ ತಳ್ಳುಗಾಡಿಯ ಕಿರ್ರು.
ಸಿಗ್ನಲ್ ಹೋಯಿತೆಂದುಕೊಂಡೆ.

ಹದಿನಾಲ್ಕು, ಅಂದೆ ನೀನು.

ಏನು ಹದಿನಾಲ್ಕು?

ಒಂದು ಮುರಿದು ಇನ್ನೊಂದು ಮುರಿಯುವುದರೊಳಗೆ
ಹದಿನಾಲ್ಕು ಎಣಿಸಿದೆ. ಮೂರು ಸಲ.
ಬಡಗಾಳಿಯಾಗಿದ್ದರೆ ನಿನ್ನ ಫೋನು ಭರ್ರೆನ್ನುತ್ತಿತ್ತು,
ನಿನ್ನ ಸುಳ್ಳು ನನಗೆ ಕೇಳಿಸುತ್ತಲೇ ಇರಲಿಲ್ಲ.
ಹೋಗು, ಮಾರಾಯ.
ಎಡಗಡೆಯ ಆ ಚೂಪುಗಲ್ಲು ಮರೆಯಬೇಡ.
ಫೋನು ಮಾತ್ರ ಕಟ್ ಮಾಡಬೇಡ,
ಗೋಡೆಯ ಮೇಲಿಟ್ಟು ಹೋಗು,
ಇಲ್ಲಿಂದ ನಾನು ಎಣಿಸುತ್ತಿರುತ್ತೇನೆ.