ಮೆಟ್ಟಿಲ ಸರದಿ

ಬಾಗಿಲ ಹಿಡಿಗೆ ದಾರದಲ್ಲಿ ತೂಗುತ್ತಿತ್ತು ರಟ್ಟು:
ಈ ವಾರ ಮೆಟ್ಟಿಲು ತೊಳೆಯುವ ಸರದಿ ನಿಮ್ಮದು.
ಸಹಿ ಇಲ್ಲ, ದಿನಾಂಕ ಇಲ್ಲ, ದಯವಿಟ್ಟು ಇಲ್ಲ.

ಏಜೆಂಟ್ ಹುಡುಗ ಇದನ್ನು ಹೇಳಿರಲಿಲ್ಲ.
ಹೇಳಿದ್ದು ಬೇರೆ: ಗ್ಲಾಸ್ಗೋದಲ್ಲಿ ಇರುವುದಾದರೆ
ಈಗ ಫಿನ್ನೀಸ್ಟನ್ನಿನಲ್ಲೇ ಇರಬೇಕು,
ಎತ್ತರದ ಸೂರು, ಗಾರೆಹೂವಿನ ಅಂಚು,
ಕಿಟಕಿಗೆ ಕ್ರೇನ್ ಕಾಣುತ್ತೆ.
ಕಾಣುತ್ತೆ, ನಿಜ, ಕುತ್ತಿಗೆ ಹೊರಗೆ ಚಾಚಿ
ಮಳೆನೀರಿನ ಕೊಳವೆ ಹಿಡಿದು ನಿಂತರೆ.

ಒಂದು ಕಾಲಕ್ಕೆ ರೈಲಿನ ಎಂಜಿನ್ನುಗಳನ್ನೇ
ಮಗುವಿನ ಹಾಗೆ ಕಂಕುಳಿಗೆ ಕೈಯಿಟ್ಟೆತ್ತಿ ಹಡಗಿಗೆ ಹತ್ತಿಸುತ್ತಿತ್ತಂತೆ.
ಅವು ಎಲ್ಲಿ ಇಳಿದು ಯಾವ ಊರಿನ ನಿದ್ದೆ ಕೆಡಿಸಿದವೋ.
ಈಗ ಏನನ್ನೂ ಎತ್ತುವುದಿಲ್ಲ. ಬಟ್ಟೆಚೀಲದ ಮೇಲೆ,
ಬಿಯರ್ ಲೋಟದ ಮೇಲೆ ಚಿತ್ರವಾಗಿದೆ.
ಬಾಡಿಗೆ ಎತ್ತುವುದಕ್ಕೆ ಕ್ರೇನ್ ಯಾಕೆ,
ಒಂದು ಇಮೇಲ್ ಸಾಕು.

ಮನೆ ಕಟ್ಟಿ ನೋಡು ಅನ್ನುವವರು
ಬಾಡಿಗೆ ಕಟ್ಟಿ ನೋಡಿಲ್ಲ.

ಕೆಳಗೆ ಮಾಂಸದಂಗಡಿ ಇದ್ದಲ್ಲಿ ಕಾಫಿ.
ಕೊಕ್ಕೆಗಳನ್ನು ಹಾಗೇ ಉಳಿಸಿಕೊಂಡು
ದನದ ತೊಡೆ ತೂಗುತ್ತಿದ್ದ ಜಾಗಕ್ಕೆ ಬಲ್ಬು ತೂಗಿಬಿಟ್ಟಿದ್ದಾರೆ.
ನಾನೂ ಅಲ್ಲೇ ಕೂರುತ್ತೇನೆ, ಸುಳ್ಳೇಕೆ,
ಓಟ್ ಹಾಲಿನ ನೊರೆ ನೆಕ್ಕುತ್ತ
ಏರಿಯಾ ಕೆಟ್ಟುಹೋಯಿತು ಅಂತ ಗೆಳತಿಗೆ ಮೆಸೇಜು ಮಾಡುತ್ತ.
ಸಂಜೆ ಐದಕ್ಕೆ ರಸ್ತೆಯಾಚೆ ಏಪ್ರನ್ ಕಟ್ಟಿ
ಸಿಂಪಿಗಳ ಬಾಯಿ ಬಿಡಿಸುವುದು ಕೆಲಸ.
ಒಂದು ಡಜನ್ ಸಿಂಪಿ ಅಂದರೆ ನನ್ನ ಮೂರು ಗಂಟೆ ಇಪ್ಪತ್ತು ನಿಮಿಷ.
ಮುತ್ತು? ಇಲ್ಲ. ಬೆರಳಿಗೆ ಪಟ್ಟಿ.

ಮೊದಲ ಸಲ ರಟ್ಟನ್ನು ಒಳಗಿಟ್ಟು ಮರೆತೆ.
ಶನಿವಾರ ಬೆಳಿಗ್ಗೆ ಆರಕ್ಕೆ ಬಕೆಟ್ಟಿನ ಸದ್ದು:
ಎಫಿ ಮೆಕ್‌ಫೇಲ್, ನೆಲಮಹಡಿ, ಎಂಬತ್ತೊಂದು ವರ್ಷ,
ನನ್ನ ಸರದಿಯನ್ನು ಮಂಡಿಯೂರಿ ತೊಳೆಯುತ್ತಿದ್ದಳು,
ಮೆಟ್ಟಿಲ ಅಂಚಿಗೆ ಬಿಳಿ ಜೇಡಿಯ ಎಳೆ
ಬಳ್ಳಿ ಬಳ್ಳಿಯಾಗಿ ಬಿಡುತ್ತ.
"ನಾನು ಮಾಡ್ತೀನಿ, ಬಿಡಿ" ಅಂದೆ.
"ಮಾಡೋಳು ನಿನ್ನೆ ಮಾಡಿರ್ತಿದ್ದಳು" ಅಂದಳು
ತಲೆ ಎತ್ತದೆ.

ಅವಳದು ಹೌಸಿಂಗ್ ಸಂಘದ ಮನೆ.
ನನ್ನ ಬಾಡಿಗೆ ಎಷ್ಟೆಂದು ಮೂರು ಸಲ ಹೇಳಿಸಿದಳು.
ಅವಳ ಕಿವಿ ಸರಿಯಾಗೇ ಇದೆ.

ಎದುರುಮನೆ ಈಗ ಮನೆಯಲ್ಲ. ಬೀದಿಬಾಗಿಲ ಪಕ್ಕ
ನಾಲ್ಕು ಅಂಕಿಯ ಕೀಲಿಡಬ್ಬಿ; ಶುಕ್ರವಾರ ನಡುರಾತ್ರಿ
ಸೂಟ್‌ಕೇಸಿನ ಗಾಲಿ ಎಣಿಸುತ್ತ ಬರುತ್ತದೆ ಎಲ್ಲ ಮೆಟ್ಟಿಲು.
ಎಫಿ ಅಲ್ಲೂ ರಟ್ಟು ತೂಗುಹಾಕಿದಳು, ನಿಯಮ ನಿಯಮವೇ.
ಗೆಂಟಿನಿಂದ ಬಂದ ಹೊಸ ಜೋಡಿ ಅದರ ಫೋಟೊ ತೆಗೆಯಿತು,
ಆಮೇಲೆ ರಟ್ಟನ್ನೇ ತೆಗೆದುಕೊಂಡು ಹೋಯಿತು, ನೆನಪಿಗೆ.
ಎಫಿ ಒಳಗಿನಿಂದ ಇನ್ನೊಂದು ತಂದಳು:
"ಎಪ್ಪತ್ತೊಂದರಲ್ಲೇ ಡಜನ್ ಕೊಂಡಿಟ್ಟಿದ್ದೆ.
ಇಂಥವರು ಬರ್ತಾರೆ ಅಂತಲ್ಲ. ಅಗ್ಗಕ್ಕಿತ್ತು."

ಮಾರ್ಚಿನಲ್ಲಿ ಇಮೇಲ್ ಬಂತು. ಪ್ರಿಯ ಮೋರ್ವೆನ್,
ಮಾರುಕಟ್ಟೆಗೆ ತಕ್ಕಂತೆ.
ತಕ್ಕಂತೆ ಅನ್ನುವ ಪದ ಬೆಂದ ಮೀನಿನಷ್ಟು ಮೆತ್ತಗೆ,
ಮುಳ್ಳು ಗೊತ್ತಾಗುವುದು ಗಂಟಲಲ್ಲಿ.
ರಾತ್ರಿ ಅಡುಗೆಮನೆಯಲ್ಲಿ ಲೆಕ್ಕಕ್ಕೆ ಕೂತೆವು, ನಾನು ಮತ್ತು ರೂರಿ.
ಎಷ್ಟು ಕೂಡಿಸಿದರೂ ಕಳೆಯುತ್ತಲೇ ಇತ್ತು.
ಅವನು ಕ್ಲೈಡ್‌ಬ್ಯಾಂಕಿಗೆ, ಅಕ್ಕನ ಸೋಫಾಕ್ಕೆ.
ನಾನು ಪೂರ್ವದ ಕಡೆಗೆ. ಅಲ್ಲಿನ ಮಾಂಸದಂಗಡಿಯಲ್ಲಿ
ಇನ್ನೂ ಮಾಂಸವಿದೆ.
ನನ್ನಂಥವರು ಹೋಗತೊಡಗಿದ್ದೇವೆ, ಬಹಳ ದಿನ ಇರಲಾರದು.

ಕೊನೆಯ ವಾರ. ಹಿಡಿಯಲ್ಲಿ ರಟ್ಟು.
ಬಿಸಿನೀರು, ಸೋಡ, ಗಡಸು ಬ್ರಷ್ಷು;
ಮೂರನೇ ಮಹಡಿಯಿಂದ ಹಿಮ್ಮುಖವಾಗಿ ಇಳಿಯುತ್ತ ಉಜ್ಜಿದೆ
ಇನ್ನು ನನ್ನದಲ್ಲದ, ಎಂದೂ ನನ್ನದಲ್ಲದ ಕಲ್ಲು.
ಎಷ್ಟು ಹಿಮ್ಮಡಿ ಸವೆಸಿವೆಯೋ, ನಡುವೆ ಗುಳಿ,
ಬೊಗಸೆ ನೀರು ನಿಲ್ಲುತ್ತದೆ.
ಅದರಲ್ಲಿ ನನ್ನ ಪಾಲು ಹದಿನಾರು ತಿಂಗಳು.
ಠೇವಣಿಯಲ್ಲಿ ಅದನ್ನು ಹಿಡಿದುಕೊಳ್ಳಲಾರರು ಅಂತ ನಂಬಿದ್ದೇನೆ.

ಕೊಳೆನೀರು ನನಗಿಂತ ಮೊದಲೇ ನೆಲ ಮುಟ್ಟಿತ್ತು.
ಎಫಿಯ ಬಾಗಿಲು ಬೆರಳಗಲ ತೆರೆಯಿತು.
"ಮೂಲೆ ಬಿಟ್ಟಿದ್ದೀಯ," ಅಂದಳು, "ಎರಡನೇ ತಿರುವಿನಲ್ಲಿ."
ಹತ್ತಿಹೋಗಿ ನೋಡಿದೆ. ಬಿಟ್ಟಿದ್ದೆ.

ಆಮೇಲೆ ರಟ್ಟು ಯಾರಿಗೆ ಅನ್ನುವುದು.
ಹೊರಗೆ ಹನಿ ಉದುರುತ್ತಿತ್ತು. ಕೀಲಿಡಬ್ಬಿಗೆ ದಾರ ಸುತ್ತಿ
ಕಟ್ಟಿದೆ, ಎರಡು ಗಂಟು.